ಗುಳಿಗೆ ನುಂಗುವವರ ಬಂದೂಕು

ಬೆಳ್ಳಟ್ಟಿ, ತಾ. ಶಿರಹಟ್ಟಿ
ಗುರುವಾರ, ೯ ಅಕ್ಟೋಬರ್ ೨೦೨೫

ಪ್ರೀತಿಯ ಮಗ ವೀರೂಗೆ,

ನಿಮ್ಮವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಬರೆಯುವುದು. ಕೈ ಅಷ್ಟು ದೂರ ಮುಟ್ಟುವುದಿಲ್ಲ, ಮುಟ್ಟಿತು ಅಂತ ತಿಳಿದುಕೋ. ನೀನು ಆರಾಮ ಇದ್ದೀಯೇನು, ಅದನ್ನು ಮೊದಲು ತಿಳಿಸು. ಯಾಕೆ ಕೇಳುತ್ತೇನೆಂದರೆ ಶೀಗಿ ಹುಣ್ಣಿಮೆಯ ಮರುದಿನ ನಸುಕಿನಲ್ಲಿ ನನಗೊಂದು ಕೆಟ್ಟ ಕನಸು ಬಿತ್ತು. ಕನಸಿನಲ್ಲಿ ನೀನು ಎತ್ತರದ ಗುಡ್ಡದ ಮೇಲೆ ಬಂದೂಕು ಹಿಡಿದು ನಿಂತಿದ್ದೆ. ತಲೆಗೆ ಟೋಪಿ ಇರಲಿಲ್ಲ, ಕಿವಿ ಎರಡೂ ಕೆಂಪಗಾಗಿದ್ದವು. ಯಾರೋ ಒಬ್ಬ ದೊಡ್ಡ ಸಾಹೇಬ ಬಂದು ನಿನ್ನ ಕೈಯಿಂದ ಬಂದೂಕು ಕಸಿದುಕೊಂಡ. ಮುಖ ನೋಡಿದರೆ ಗದಗಿನ ಆಫೀಸಿನಲ್ಲಿ ಕಂಡ ಕ್ಲಾರ್ಕನ ಮುಖ. "ನಿಮ್ಮಪ್ಪಂದು ಧಾರವಾಡದ ಕಾಗದ ಬಂದೈತಿ, ಇನ್ನ ನೀ ಮನಿಗೆ ನಡಿ" ಅಂದ. ನೀನು ಬರಿಗೈಯಲ್ಲಿ ಇಳಿದು ಬಂದೆ. ಬರುಬರುತ್ತ ನಿನ್ನ ಮುಖ ನಿಮ್ಮಪ್ಪನ ಮುಖವಾಯಿತು. ನಾನು ಎದ್ದು ಕುಳಿತವಳು ಮತ್ತೆ ಮಲಗಲಿಲ್ಲ. ಅಂಥಾದ್ದೇನೂ ಆಗಿಲ್ಲ ತಾನೆ? ಅಪ್ಪನಿಗೆ ತಲೆಯ ಗುಳಿಗೆ ನಡೆದಿದ್ದರೆ ಮಗನ ಮಿಲಿಟರಿ ನೌಕರಿಗೆ ಏನಾದರೂ ತೊಂದರೆ ಇದೆಯೇ? ಇದನ್ನು ಅಲ್ಲಿ ಯಾರ ಮುಂದೂ ಕೇಳಬೇಡ. ಅಥವಾ ಕೇಳು, ಆದರೆ ಗೆಳೆಯನ ಅಪ್ಪ ಅಂತ ಹೇಳಿ ಕೇಳು.

ಎಡಗಾಲಿನ ಬೆರಳು ಬಾತಿತ್ತಲ್ಲ, ಇಳಿಯಿತೇ? ಒದ್ದೆಯಾದ ಕಾಲುಚೀಲ ಹಾಗೆಯೇ ಇಟ್ಟುಕೊಳ್ಳಬೇಡ. ಶೇಂಗಾ ಚಟ್ನಿ ಮುಗಿದಿದ್ದರೆ ಹೇಳು, ಈ ಸಲ ಖಾರ ಕಡಿಮೆ ಹಾಕಿ ಕುಟ್ಟಿದ್ದೇನೆ, ನಿನ್ನ ಜೊತೆಯ ಹುಡುಗರೂ ತಿನ್ನಬೇಕಲ್ಲ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಆರಾಮ ಅಂತ ಬರೆದು ಹೊಡೆದು ಹಾಕಿದೆ, ಆಮೇಲೆ ಬೇರೆ ಶಬ್ದ ತಿಳಿಯದೆ ಮತ್ತೆ ಅದನ್ನೇ ಬರೆದೆ. ನಿನ್ನ ತಂಗಿ ರಂಜನಿ ಲಕ್ಷ್ಮೇಶ್ವರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ಓದುವುದಕ್ಕಿಂತ ಬಸ್ಸು ಕಾಯುವುದೇ ಹೆಚ್ಚು. ಎಮ್ಮೆ ಈದಿದೆ, ಹೆಣ್ಣುಕರು. ನನ್ನ ಕಾಲು ಇದ್ದ ಹಾಗೇ ಇದೆ. ಗೋವಿನಜೋಳ ತೆನೆ ಬಲಿತು ನಿಂತಿದೆ, ಗುಡ್ಡದ ಕಡೆಯಿಂದ ಹಂದಿ ದಿನಾ ಇಳಿಯುತ್ತವೆ. ಹಂದಿಯ ಸುದ್ದಿ ಬಂದರೆ ಬಂದೂಕಿನ ಸುದ್ದಿ ಬರಲೇಬೇಕು. ನಾನು ಈ ಕಾಗದ ಬರೆಯಲು ಕುಳಿತದ್ದೂ ಅದಕ್ಕೇ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ನಿನ್ನ ಫೋನು ಬಂದರೆ ನಿಮ್ಮಪ್ಪ ಮೊದಲು ಸ್ಪೀಕರ್ ಹಚ್ಚುತ್ತಾರೆ, ಮಗನ ಧ್ವನಿ ಇಡೀ ಓಣಿಗೆ ಕೇಳಬೇಕು ಅವರಿಗೆ. ಈಗ ಅವರು ಹೊಲಕ್ಕೆ ಹೋಗಿದ್ದಾರೆ, ನಾನು ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನದು ಐದನೆಯ ಇಯತ್ತೆಯಲ್ಲಿ ಒಮ್ಮೆ ಬಿಟ್ಟು, ಮತ್ತೆ ಸೇರಿ, ಏಳರಲ್ಲಿ ಪೂರಾ ಬಿಟ್ಟ ಶಾಲೆ, ಅಕ್ಷರ ತಪ್ಪಿದ್ದರೆ ಹೊಂದಿಸಿ ಓದಿಕೋ. ವಿಷಯ ಇಷ್ಟು: ಠಾಣೆಯ ಹವಾಲ್ದಾರ ದೀಪಾವಳಿ ಆದ ಮೇಲೆ ಮತ್ತೆ ಮನೆಗೆ ಬರುತ್ತಾನೆ. ನಿಮ್ಮಪ್ಪನ ಬಂದೂಕು ಅವರಿಗೆ ವಾಪಸು ಕೊಡಬಹುದೇನು, ಮನೆಯವರಿಗೆ ಅಂಜಿಕೆ ಇಲ್ಲವೇನು ಅಂತ ಕೇಳುತ್ತಾನೆ. ಹೌದು ಅಂತಲೋ ಅಲ್ಲ ಅಂತಲೋ ನಾನು ಹೇಳಬೇಕು. ನನಗೆ ಎರಡೂ ಬಾಯಿಗೆ ಬರುತ್ತಿಲ್ಲ.

ನೀನು ಊರಲ್ಲಿ ಇರಲಿಲ್ಲ, ಅರ್ಧ ಅವರಿಂದ ಕೇಳಿದ್ದೀ, ಅರ್ಧ ರಂಜನಿಯಿಂದ ಕೇಳಿದ್ದೀ. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಹೋದ ವರ್ಷ ದಿಲ್ಲಿ ಎಲೆಕ್ಷನ್ ಬಂದಾಗ ಊರಿನ ಬೆಳೆ ಕಾಯುವ ಬಂದೂಕುಗಳನ್ನೆಲ್ಲ ಯಾವಾಗಿನ ಹಾಗೆ ಠಾಣೆಯಲ್ಲಿ ಇಟ್ಟು ಬಂದರು. ನಿಮ್ಮಪ್ಪನೂ ಗೆಳೆಯ ನಜೀರಸಾಬನ ಟ್ರ್ಯಾಕ್ಟರಿನಲ್ಲೇ ಹೋಗಿ ಇಟ್ಟು ಬಂದರು. ಎಲೆಕ್ಷನ್ ಮುಗಿಯುವುದರೊಳಗೆ ಅವರಿಗೆ ಆ ಜಡ್ಡು ಶುರುವಾಯಿತು. ಜ್ವರವಲ್ಲ, ನೋವಲ್ಲ. ಹೊಲದ ಬದುವಿನ ಮೇಲೆ ಕುಳಿತರೆ ಕುಳಿತರು. ಎತ್ತಿಗೆ ನೀರು ಕುಡಿಸಿದ್ದೀರೇನು ಅಂದರೆ ನನ್ನ ಮುಖ ನೋಡುವುದು, ಎತ್ತಿನ ಮುಖ ನೋಡುವುದು. ಊಟದ ತಾಟು ಮುಂದಿಟ್ಟರೆ ಹಾಗೇ ಆರಿಹೋಗುತ್ತಿತ್ತು. ಕಾರಣ ಏನು ಅಂತ ಎಲ್ಲರೂ ಕೇಳಿದರು, ನನಗೂ ಗೊತ್ತಾಗಲಿಲ್ಲ. ಸಾಲ ಇರಲಿಲ್ಲ, ಜಗಳ ಇರಲಿಲ್ಲ, ಬೆಳೆ ಚೆನ್ನಾಗಿತ್ತು. ಒಂದು ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ, "ನಾ ಇರೂದ ನಿಮಗೆಲ್ಲ ಭಾರ ಆಗೇತಿ" ಅಂದರು. ಮರುದಿನವೇ ನಜೀರಸಾಬನನ್ನು ಕರೆದುಕೊಂಡು ಧಾರವಾಡದ ದವಾಖಾನೆಗೆ ಹೋದೆವು. ಅಲ್ಲಿ ಒಳಗೆ ಇಟ್ಟುಕೊಂಡರು, ಗುಳಿಗೆ ಹಚ್ಚಿದರು. ಬರುಬರುತ್ತ ಗೆಲುವಾದರು. ಈಗ ನೀನು ಫೋನಿನಲ್ಲಿ ಕೇಳುವ ನಗು ಇದೆಯಲ್ಲ, ಅದು ಖರೆ ನಗು, ನಿನಗಾಗಿ ಮಾಡಿದ್ದಲ್ಲ.

ಆದರೆ ಆ ಗದ್ದಲದಲ್ಲಿ ಲೈಸೆನ್ಸಿನ ಮುದತು ಮುಗಿಯಿತು. ಊರವರ ಬಂದೂಕು ಎಲ್ಲ ಮನೆಗೆ ಬಂದವು, ನಿಮ್ಮಪ್ಪಂದು ಠಾಣೆಯಲ್ಲೇ ಉಳಿಯಿತು. ಹೊಸದಾಗಿ ಮಾಡಿಸಬೇಕಾದರೆ ಮೈ, ಮನಸ್ಸು ಎರಡೂ ಸರಿ ಇವೆ ಅಂತ ಡಾಕ್ಟರು ಬರೆದುಕೊಡಬೇಕಂತೆ. ಅಷ್ಟೇ ಆಗಿದ್ದರೆ ಇಷ್ಟೊತ್ತಿಗೆ ಮುಗಿಯುತ್ತಿತ್ತೇನೋ. ನಿಮ್ಮಪ್ಪನ ರೂಢಿ ನಿನಗೆ ಗೊತ್ತಲ್ಲ, ಆಫೀಸಿಗೆ ಹೋಗುವುದೆಂದರೆ ಮನೆಯಲ್ಲಿದ್ದ ಕಾಗದವೆಲ್ಲ ಒಂದೇ ಚೀಲದಲ್ಲಿ. ಹೊಲದ ಉತಾರ, ರೇಷನ್ ಕಾರ್ಡು, ನಿನ್ನ ಹತ್ತನೆಯ ಇಯತ್ತೆಯ ಮಾರ್ಕ್ಸ್ ಕಾರ್ಡು ಕೂಡ ಅದರಲ್ಲಿ ಇರುತ್ತದೆ. ಕೇಳಿದ್ದನ್ನು ಕೊಡುವುದಲ್ಲ, ಇದ್ದದ್ದನ್ನೆಲ್ಲ ಕೊಡುವುದು. ಎಷ್ಟು ಹೆಚ್ಚು ಕಾಗದ ಇಟ್ಟರೆ ಅಷ್ಟು ಗಟ್ಟಿ ಅಂತ ಅವರ ತಿಳುವಳಿಕೆ. ಶಿರಹಟ್ಟಿಯ ಡಾಕ್ಟರು ಬಿ.ಪಿ. ನೋಡುವುದಕ್ಕೆ ತೋಳಿಗೆ ಪಟ್ಟಿ ಕಟ್ಟುವುದರೊಳಗೆ ಇವರು ಧಾರವಾಡದ ಫೈಲು ತೆಗೆದು ಮೇಜಿನ ಮೇಲೆ ಇಟ್ಟರಂತೆ. "ನೋಡ್ರಿ ಸಾಹೇಬ್ರ, ಪೂರ್ತಿ ತೋರಿಸಿಕೊಂಡು ಬಂದೀನಿ, ಒಂದ ಗುಳಿಗೀನೂ ತಪ್ಪಿಸಿಲ್ಲ" ಅಂದರಂತೆ. ಡಾಕ್ಟರು ಪಟ್ಟಿ ಬಿಚ್ಚಿ, ಇದು ನನ್ನಿಂದ ಆಗುವುದಲ್ಲ, ಗದಗಿಗೆ ಮನಸ್ಸಿನ ಡಾಕ್ಟರ ಕಡೆಗೆ ಹೋಗಿ ಅಂದರಂತೆ. ಕೇಳಿ ನಜೀರಸಾಬ ಹಣೆ ಬಡಿದುಕೊಂಡ. "ಸಂಗಣ್ಣಾ, ಹಲ್ಲ ಕೀಳಿಸಿದ ಚೀಟೀನೂ ಯಾರರ ಬಂದೂಕಿಗೆ ತೋರಸ್ತಾರೇನೋ, ನೀ ಇದನ್ನ ತೋರಿಸೀಯಲ್ಲ" ಅಂದ. ಅವನ ಲೈಸೆನ್ಸು ಆ ವಾರವೇ ಆಗಿತ್ತು. ಕಣ್ಣಿಗೆ ಪೊರೆ ಬಂದಿದೆ, ಸಂಜೆಯಾದರೆ ಹಂದಿ ಯಾವುದು ಕರು ಯಾವುದು ಅವನಿಗೆ ತಿಳಿಯುವುದಿಲ್ಲ. ಆದರೆ ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ನಿಮ್ಮಪ್ಪ ಸಿಟ್ಟಿಗೇಳಲಿಲ್ಲ. "ನಾ ಮುಚ್ಚಿಡಾಕ ಏನ ಕಳವ ಮಾಡೀನೇನು" ಅಂದರು.

ಗದಗಿನ ಡಾಕ್ಟರಮ್ಮ ಒಳ್ಳೆಯವಳು, ನಿನ್ನ ಅಕ್ಕನ ವಯಸ್ಸಿನವಳು ಅನ್ನಬಹುದು, ನಿನಗೆ ಅಕ್ಕ ಇದ್ದಿದ್ದರೆ. ನಮ್ಮಿಬ್ಬರನ್ನೂ ಕುಂಡ್ರಿಸಿ ಬಹಳ ಹೊತ್ತು ಮಾತಾಡಿಸಿದಳು. ನಿದ್ದೆ, ಊಟ, ಸಿಟ್ಟು, ನೀನು ಎಲ್ಲಿದ್ದೀ, ಎಲ್ಲ ಕೇಳಿದಳು. ಈಗ ಆರಾಮ ಇದ್ದಾರೆ, ಗುಳಿಗೆ ಮುಂದುವರಿಯಬೇಕು ಅಂತ ಬರೆದುಕೊಟ್ಟಳು. ನಾನು ಅಂಜುತ್ತ, ಆರಾಮ ಇದ್ದರೆ ಗುಳಿಗೆ ಯಾಕೆ ಅಂತ ಕೇಳಿದ್ದಕ್ಕೆ, "ಸಕ್ಕರಿ ಜಡ್ಡಿನವರು ಗುಳಿಗಿ ತಗೊಂಡ ಆರಾಮ ಇರೂದಿಲ್ಲೇನ್ರಿ? ಹಂಗ ಇದೂ. ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ ಅಷ್ಟ" ಅಂದಳು. ಅಲ್ಲಿಗೆ ನನಗೆ ತಿಳಿಯಿತು. ಆಮೇಲೆ ಇನ್ನೊಂದು ಮಾತು ಹೇಳಿದಳು. ಈ ಜಡ್ಡೂ ಅಂಗವಿಕಲರ ಕಾಯ್ದೆಯಲ್ಲಿ ಬರುತ್ತದಂತೆ, ಬೇಕಾದರೆ ಇವರಿಗೂ ನನಗಿರುವಂಥ ಕಾರ್ಡು ಸಿಗಬಹುದಂತೆ. ನಿಮ್ಮಪ್ಪ ಕೈಮುಗಿದು, "ಒಂದ ಮನ್ಯಾಗ ಎರಡ ಕಾರ್ಡ ಯಾಕ್ರಿ ಬಾಯಾರ, ನಮ್ಮಾಕಿದೊಂದ ಸಾಕ" ಅಂದರು. ಡಾಕ್ಟರಮ್ಮ ನಕ್ಕಳು, ನಾನೂ ನಕ್ಕೆ. ಹೊರಗೆ ಬಂದು ನನ್ನ ಕಿವಿಯಲ್ಲಿ, "ಕಾರ್ಡ ತಗೊಂಡ್ರ ಬಂದೂಕು ಹೋತು ಅಂತ ತಿಳಿ" ಅಂದರು. ಅದು ಖರೆಯೋ ಸುಳ್ಳೋ ನನಗೆ ಗೊತ್ತಿಲ್ಲ. ನನ್ನ ಪೋಲಿಯೋ ಕಾಲನ್ನು ಟೇಪು ಹಿಡಿದು ಅಳೆದು, ನೂರಕ್ಕೆ ಇಷ್ಟು ಅಂತ ಬರೆದು ಕಾರ್ಡು ಕೊಟ್ಟರು, ಬಸ್ಸಿನಲ್ಲಿ ಅದನ್ನು ತೋರಿಸಿದರೆ ಹುಡುಗರು ಎದ್ದು ಜಾಗ ಬಿಡುತ್ತಾರೆ. ಮನಸ್ಸನ್ನು ಯಾವ ಟೇಪಿನಿಂದ ಅಳೆಯುತ್ತಾರೆ, ಆ ಕಾರ್ಡು ತೋರಿಸಿದರೆ ಯಾರು ಎದ್ದು ಜಾಗ ಬಿಡುತ್ತಾರೆ, ಯಾರು ಎದ್ದು ದೂರ ಹೋಗಿ ಕೂಡುತ್ತಾರೆ, ನೀನೇ ಹೇಳು.

ಡಾಕ್ಟರಮ್ಮನ ಕಾಗದ ತಗೊಂಡು ಅಂದೇ ಆಫೀಸಿಗೆ ಹೋದೆವು. ಯಾವ ಆಫೀಸು ಅಂತ ಬರೆಯುವುದಿಲ್ಲ, ಯಾರ ಕೈಗಾದರೂ ಈ ಕಾಗದ ಸಿಕ್ಕರೆ ಅದೊಂದು ತಾಪತ್ರಯ. ಅಲ್ಲಿದ್ದ ಕ್ಲಾರ್ಕು, ಅದೇ ಕನಸಿನವನು, ಕಾಗದ ಎರಡು ಸಲ ಓದಿದ. "ಆರಾಮ ಅದಾರಂದ್ರ ಗುಳಿಗಿ ಯಾಕ್ರಿ? ಗುಳಿಗಿ ಬೇಕಂದ್ರ ಆರಾಮ ಹೆಂಗಾತು? ಎರಡರಾಗ ಒಂದ ಬರಿಸಿಕೊಂಡ ಬರ್ರಿ" ಅಂದ. ನಾನು ಸಕ್ಕರೆ ಜಡ್ಡಿನ ಮಾತು ಹೇಳಹೋದೆ, ಅಷ್ಟರಲ್ಲಿ ಹಿಂದಿನವರು ನೂಕಿ ಮುಂದೆ ಬಂದರು. ಬಾಗಿಲ ಹತ್ತಿರ ಕುಳಿತ ಸಿಪಾಯಿ ಬೇರೆಯೇ ಹೇಳಿದ. ಠಾಣೆಯಿಂದ ವರದಿ ಹೋಗುತ್ತದೆ, ಮನೆಯವರನ್ನೂ ನೆರೆಯವರನ್ನೂ ಕೇಳಿ ಬರೆಯುತ್ತಾರೆ, ಅದು ಚೆನ್ನಾಗಿದ್ದರೆ ಮೇಲಿನ ಸಾಹೇಬರು ನೋಡಿ ಕೊಟ್ಟರೂ ಕೊಟ್ಟಾರು ಅಂದ. ನಜೀರಸಾಬ ಇನ್ನೊಂದು ಹೇಳುತ್ತಾನೆ. ರಂಜನಿ ಫೋನಿನಲ್ಲಿ ಹುಡುಕಿ ನೋಡಿದರೆ ಅಮೆರಿಕದವರ ಕಾಯ್ದೆ ಬಂತಂತೆ, ಅಲ್ಲಿ ಇದಕ್ಕೇ ಕೋರ್ಟಿನವರೆಗೆ ಜಗಳವಂತೆ, ಅದನ್ನು ತಗೊಂಡು ನಾನೇನು ಮಾಡಲಿ? ಬುದ್ಧಿ ಸ್ಥಿಮಿತ ಇಲ್ಲದವರಿಗೆ ಬಂದೂಕು ಕೊಡಬಾರದು ಅಂತ ಕಾಯ್ದೆ ಇದೆಯಂತೆ, ಅದು ಸರಿಯೇ. ಸ್ಥಿಮಿತ ಹೋಗಿ ತಿರುಗಿ ಬಂದವರಿಗೆ ಏನು ಮಾಡಬೇಕು ಅಂತ ಮಾತ್ರ ನಾನು ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ.

ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ ಕಿಟಕಿಯ ಕಡೆ ಕುಳಿತಿದ್ದರು. ಮುಳಗುಂದ ದಾಟಿತು. ಆಮೇಲೆ ನನ್ನ ಕಡೆ ತಿರುಗದೆಯೇ, "ಆವಾಗ ಅದು ಮನ್ಯಾಗ ಇರಲಿಲ್ಲ, ಚಲೋ ಆತು" ಅಂದರು. ವೀರು, ಆ ಮಾತು ನಾನು ಎಷ್ಟು ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಅವರ ಮುಂದೆ ಆಡುವ ಧೈರ್ಯ ಆಗಿರಲಿಲ್ಲ. ಅವರೇ ಆಡಿದರು. ನಾನು ಚೀಲದಿಂದ ಚುರುಮುರಿ ತೆಗೆದು ಕೊಟ್ಟೆ. ತಿಂದರು. ತಿನ್ನುತ್ತ, "ಗುಳಿಗಿ ಬಿಟ್ರ ಕೊಡ್ತಾರಂತಾತಲ್ಲ ಹಂಗಾರ" ಅಂದರು. ಚ್ಯಾಷ್ಟಿ ಮಾಡುತ್ತಾರೆ ಅಂತ ನಾನು ನಕ್ಕೆ. ಅವರೂ ನಕ್ಕರು.

ನೀನು ಕೇಳಬಹುದು, ಅಪ್ಪನಿಗೆ ಅಷ್ಟು ಯಾಕೆ ಬೇಕು ಆ ಹಳೆಯ ಬಂದೂಕು ಅಂತ. ನಾವೇನು ಬೇಟೆ ಆಡುವವರಲ್ಲ, ತಿನ್ನುವವರೂ ಅಲ್ಲ. ಗುಂಡು ಹಾಕದೆ ಬರೇ ಮದ್ದು ತುಂಬಿ ಆಕಾಶಕ್ಕೆ ಹಾರಿಸುವುದು, ಸಪ್ಪಳಕ್ಕೆ ಹಂದಿ ಓಡಬೇಕು, ಅಷ್ಟೇ ಕೆಲಸ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ, ಕಬ್ಬಿಣದ ಮೇಲೆ ಇಷ್ಟೇನು ಆಸೆ ಅಂತ. ಆದರೆ ಗುಡ್ಡದ ಕಡೆಯ ಹೊಲದವರು ಪಾಳಿ ಮಾಡಿಕೊಂಡಿದ್ದಾರೆ ನೋಡು, ದಿನಕ್ಕೆ ಇಬ್ಬರು. ಬಂದೂಕು ಇದ್ದವನೊಬ್ಬ, ಇಲ್ಲದವನೊಬ್ಬ. ನಿಮ್ಮಪ್ಪನ ಪಾಳಿ ಬಂದರೆ, "ನೀ ಮಲಕೋ ಸಂಗಣ್ಣಾ, ನಾವ ನೋಡ್ಕೋತೀವಿ" ಅನ್ನುತ್ತಾರೆ. ಬೈದು ಹೇಳುವುದಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಡಬ್ಬಿಯನ್ನಾದರೂ ಬಡಿಯುತ್ತೇನೆ ಅಂತ ಒಂದು ದಿನ ಹೋದರೆ, ಚಹಾ ಕುಡಿಸಿ ಕಳಿಸಿದರಂತೆ. ಮಾತು ಬಾರದ ಮಗುವನ್ನು ಕಳಿಸಿದ ಹಾಗೆ. ನಮ್ಮ ಬೆಳೆಯನ್ನು ಊರವರು ಕಾಯುತ್ತಾರೆ, ನಾವು ಮನೆಯಲ್ಲಿ ಮಲಗುತ್ತೇವೆ. ಅಂಥ ದಿನ ನಿಮ್ಮಪ್ಪ ಮಲಗುವುದಿಲ್ಲ, ಕಟ್ಟೆಯ ಮೇಲೆ ಕುಳಿತಿರುತ್ತಾರೆ.

ಶಿರಹಟ್ಟಿ ಸಂತೆಯ ದಿನ ಒಂದು ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹಾಕಿಸಿಕೊಂಡು ಹೋಗುತ್ತಿದ್ದರು. ಸಂತೆಯ ಸಾಮಾನು ತರುವುದು ನೆಪ. ಠಾಣೆಗೆ ಹೋಗಿ, "ತುಕ್ಕ ಹಿಡದೀತ್ರಿ, ಒಂದೀಟ ಒರಸಿ ಕೊಡತೀನಿ" ಅಂತ ಕೇಳಿದರೆ ಹಳೆಯ ಹವಾಲ್ದಾರ ಪಡಸಾಲೆಗೆ ತಂದು ಕೊಡುತ್ತಿದ್ದನಂತೆ, ತಾನು ಎದುರಿಗೆ ಕುಳಿತು ಪೇಪರು ಓದುತ್ತಿದ್ದನಂತೆ. ಇವರು ಒರಸಿ ವಾಪಸು ಕೊಟ್ಟು ಬರುತ್ತಿದ್ದರು. ಅವನಿಗೆ ವರ್ಗವಾಯಿತು. ಹೊಸಬ ಬಿಡುವುದಿಲ್ಲ. ಅವನದೂ ತಪ್ಪಲ್ಲ, ನಿಯಮ ನಿಯಮವೇ. ಈ ಸಲ ಖಂಡೇಪೂಜೆಗೆ ಕೊಡಲಿ, ಕುಡಗೋಲು, ಕೂರಿಗೆ ಎಲ್ಲ ತೊಳೆದು ಇಟ್ಟಿದ್ದೆ. ನಿಮ್ಮಪ್ಪ ಮೂಲೆಯಲ್ಲಿದ್ದ ಮದ್ದು ಜಡಿಯುವ ಕಬ್ಬಿಣದ ಕೋಲು ತಂದರು. ಬಂದೂಕು ಠಾಣೆಗೆ ಹೋದಾಗ ಅದೊಂದು ಮನೆಯಲ್ಲೇ ಉಳಿದಿತ್ತು. ಅದಕ್ಕೇ ವಿಭೂತಿ ಹಚ್ಚಿ, ಚೆಂಡುಹೂವು ಸುತ್ತಿ ಬಂದೂಕಿನ ಜಾಗದಲ್ಲಿ ಇಟ್ಟರು. ಮರುದಿನ ಬನ್ನಿ ಕೊಡಲು ಬಂದ ಪಕ್ಕದ ಮನೆಯ ಕಳಕವ್ವ, ಅವಳ ಬಾಯಿ ನಿನಗೆ ಗೊತ್ತು, "ಇದೇನ ಸಂಗಣ್ಣಾ, ಮದಮಗ ಇಲ್ಲದ ಬಾಸಿಂಗಕ್ಕ ಪೂಜಿ ಮಾಡೀರಿ" ಅಂದಳು. ನಗಿಸಲು ಅಂದಳು, ಕೆಟ್ಟ ಮನಸ್ಸಿನಿಂದ ಅಲ್ಲ. ನಿಮ್ಮಪ್ಪ ಬನ್ನಿ ಇಸಿದುಕೊಂ‍ಡು, "ಬಂಗಾರದಂಗ ಇರೂಣು" ಅಂದು ಎದ್ದು ಹೊರಗೆ ಹೋದರು. ಊಟಕ್ಕೆ ಕರೆದರೂ ಬಹಳ ಹೊತ್ತು ಬರಲಿಲ್ಲ.

ನಡುವೆ ನಗುವ ಸುದ್ದಿಯೂ ಇದೆ, ಬರೆಯದಿದ್ದರೆ ನೀನು ಅಲ್ಲಿ ಕುಳಿತು ಬರೇ ಚಿಂತೆ ಮಾಡುತ್ತೀ. ನಜೀರಸಾಬ ಒಂದು ಉಪಾಯ ತಂದ. "ವೈನಿ ಹೆಸರಿಲೆ ಲೈಸೆನ್ಸ ಮಾಡಸ್ರಿ, ಮನ್ಯಾಗಿನವರ ಹೆಸರ ಅದರಾಗ ಸೇರಸಾಕ ಬರತೈತಂತ" ಅಂದ. ನನಗೆ ಪಟಾಕಿಯ ಸಪ್ಪಳಕ್ಕೇ ಎದೆ ಬಡಿಯುತ್ತದೆ, ಬಂದೂಕು ನನ್ನ ಹೆಸರಿಗೆ ಅಂತೆ. ನಿಮ್ಮಪ್ಪ, ನೋಡೇಬಿಡೋಣ ಅಂತ ಹಿತ್ತಲಿನಲ್ಲಿ ನನ್ನನ್ನು ನಿಲ್ಲಿಸಿ ಒನಕೆ ಕೈಗೆ ಕೊಟ್ಟರು. ಹೀಗೆ ಭುಜಕ್ಕೆ ಆನಿಸು, ಸೊಟ್ಟ ಕಾಲು ಹಿಂದೆ ಇಡು, ಗಟ್ಟಿ ಕಾಲು ಮುಂದೆ ಅಂತ ಕಲಿಸಿದರು. "ಢಂ" ಅಂತ ಅವರೇ ಬಾಯಿಂದ ಅಂದು ಒನಕೆಯನ್ನು ಸ್ವಲ್ಪ ನೂಕಿದರು, ನಾನು ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಮೇಲೆ ಕುಳಿತುಬಿಟ್ಟೆ. ನಿಮ್ಮಪ್ಪ ನಕ್ಕದ್ದು ನಕ್ಕದ್ದೇ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಹಂದಿ ಬಂದ್ರ ನೀ ಬಿದ್ದ ಸಪ್ಪಳಕ್ಕ ಓಡ್ತಾವ ಬಿಡ" ಅಂದರು. ರಂಜನಿ ವಿಡಿಯೋ ಮಾಡಿದ್ದಾಳೆ, ನಿನಗೆ ಕಳಿಸಿದರೆ ಅವಳ ಕಿವಿ ಹಿಂಡುತ್ತೇನೆ. ನನ್ನ ಸೊಟ್ಟ ಕಾಲಿನ ಬಗ್ಗೆ ಆ ಆಫೀಸಿನಲ್ಲಿ ಏನು ಕೇಳುತ್ತಾರೋ ಅದು ಬೇರೆ ಮಾತು, ಆದರೆ ನಜೀರಸಾಬ ಹೇಳಿದ್ದು ಖರೆಯೇ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಆ ಹೊಸ ಹವಾಲ್ದಾರ ಬಂದದ್ದು ಅದರ ಮರುದಿನ. ನಿಮ್ಮಪ್ಪ ಹೊಲದಲ್ಲಿ ಇದ್ದರು. ಕುಂಡ್ರಿಸಿದೆ. "ಯವ್ವಾ, ಮನ್ಯಾಗಿನವರದು ಏನ ತಕರಾರ ಇಲ್ಲಂತ ಹೇಳಬೇಕ್ರಿ. ಖರೆ ಹೇಳ್ರಿ, ನಿಮಗ ಅಂಜಿಕಿ ಐತೇನು?" ಅಂತ ಕೇಳಿದ. ಹುಡುಗ ನಿನ್ನದೇ ವಯಸ್ಸು, ಕೆಟ್ಟವನಲ್ಲ. ನಾನು, "ಚಹಾ ಮಾಡತೀನಿ ಕುಂಡ್ರಪಾ" ಅಂತ ಒಳಗೆ ಹೋದೆ. ಹಾಲು ಕಾಯಿಸಿದೆ, ಆರಿಸಿದೆ, ಮತ್ತೆ ಕಾಯಿಸಿದೆ. ಸಕ್ಕರೆ ಡಬ್ಬಿ ಎದುರಿಗೇ ಇದ್ದರೂ ಹುಡುಕಿದೆ. ಕೊನೆಗೆ ಅವನೇ ಬಾಗಿಲಿಗೆ ಬಂದು, "ಇರ್ಲಿ ಬಿಡ್ರಿ, ದೀಪಾವಳಿ ಆದಮ್ಯಾಲ ಬರತೀನಿ, ಅಷ್ಟರಾಗ ವಿಚಾರ ಮಾಡಿರ್ರಿ" ಅಂದು ಹೋದ. ಚಹಾ ನಾನೇ ಕುಡಿದೆ, ಸಕ್ಕರೆ ಹಾಕಿರಲಿಲ್ಲ.

ಹೌದು ಅಂತ ಹೇಳಿ ನಾಳೆ ಏನಾದರೂ ಆದರೆ, ಆ ಕೈ ನನ್ನದೇ. ಅಲ್ಲ ಅಂತ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಸಂಗಪ್ಪನ ಹೆಂಡತಿಗೇ ಸಂಗಪ್ಪನ ಅಂಜಿಕೆ ಇದೆಯಂತೆ ಅಂತ. ಅದನ್ನು ಕೇಳಿ ಅವರು ಹೇಗೆ ತಲೆ ಎತ್ತುತ್ತಾರೆ? ಖರೆ ಹೇಳಬೇಕೆಂದರೆ ನನಗೆ ನಿಮ್ಮಪ್ಪನ ಅಂಜಿಕೆ ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತಿದವರಲ್ಲ, ಎತ್ತಿನ ಮೇಲೂ ಎತ್ತಿದವರಲ್ಲ. ಅವರು ತಮಗೆ ತಾವೇ ಏನಾದರೂ ಮಾಡಿಕೊಂಡಾರು ಅಂತ ಆಗ ಅಂಜಿದ್ದೆ, ಆ ಅಂಜಿಕೆ ಪೂರಾ ಹೋಗಿದೆಯೋ ಮೂಲೆಯಲ್ಲಿ ಕುಳಿತಿದೆಯೋ ನನಗೆ ಗೊತ್ತಾಗುವುದಿಲ್ಲ. ಅವರೇ ನನಗೆ ಒಂದು ದಾರಿ ಹೇಳಿದ್ದಾರೆ. ಬಂದೂಕು ಗೋಡೆಗೆ ಇರಲಿ, ಮದ್ದು ಮತ್ತು ಕಿಡಿ ಹೊತ್ತಿಸುವ ಕೇಪಿನ ಡಬ್ಬಿ ನಿನ್ನ ಟ್ರಂಕಿನಲ್ಲಿರಲಿ, ಕೀಲಿ ನಿನ್ನ ಕೊರಳಲ್ಲಿರಲಿ, ಪಾಳಿ ಇದ್ದ ದಿನ ನೀನೇ ತೆಗೆದು ಕೊಡು ಅಂದರು. ಕೇಪು ಇಲ್ಲದಿದ್ದರೆ ಅದು ಬರೇ ಕೋಲು, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗೆ ಹೇಳುವ ಮನುಷ್ಯನಿಗೆ ಸ್ಥಿಮಿತ ಇಲ್ಲ ಅಂತ ಹೇಗೆ ಅನ್ನಲಿ? ಆದರೆ ಕೀಲಿ ಕೊರಳಲ್ಲಿ ಹಾಕಿಕೊಂಡ ದಿನದಿಂದ ನಾನು ಹೆಂಡತಿಯೋ ಹವಾಲ್ದಾರನೋ? ಅವರ ಮುಖ ದಿನಾ ಪರೀಕ್ಷೆ ಮಾಡಬೇಕಾಗುತ್ತದೆ. ಇವತ್ತು ಸುಮ್ಮನೆ ಇದ್ದಾರಲ್ಲ, ದಣಿವೋ ಜಡ್ಡೋ ಅಂತ. ಈಗಲೂ ಅದನ್ನೇ ಮಾಡುತ್ತೇನೆ ಅನ್ನು.

ನೀನು ದಿನಾ ಬಂದೂಕು ಹಿಡಿಯುವವನು. ನಿನ್ನ ಜೊತೆಯವರಲ್ಲೂ ಯಾರಿಗಾದರೂ ಹೀಗೆ ಮನಸ್ಸು ಕೆಟ್ಟು, ಆಮೇಲೆ ಸರಿಯಾಗಿರಬಹುದು. ಅವರಿಗೆ ತಿರುಗಿ ಕೊಡುತ್ತಾರೇನು, ಹೇಗೆ ನೋಡಿ ಕೊಡುತ್ತಾರೆ, ವಿಚಾರಿಸಿ ತಿಳಿಸು. ನನ್ನನ್ನು ಕೇಳಿದರೆ ನಾನು ಹೌದು ಅನ್ನುತ್ತೇನೆ ಅನ್ನಿಸುತ್ತದೆ. ಬೆಳಿಗ್ಗೆ ಹಾಗೆ ಅನ್ನಿಸುತ್ತದೆ, ಸಂಜೆಗೆ ಬೇರೆ ಅನ್ನಿಸುತ್ತದೆ. ಹವಾಲ್ದಾರ ಬೆಳಿಗ್ಗೆ ಬಂದರೆ ಒಳ್ಳೆಯದು.

ಹೊತ್ತು ಏರಿತು, ಬುತ್ತಿ ಒಯ್ಯಬೇಕು. ಮೈ ಕಾಯ್ದುಕೋ, ಹೊತ್ತಿಗೆ ಸರಿಯಾಗಿ ಉಣ್ಣು, ಸಾಹೇಬರ ಮಾತು ಕೇಳು. ಶಿರಹಟ್ಟಿಯ ಫಕೀರೇಶ್ವರ ನಿನ್ನನ್ನೂ ನಿನ್ನ ಜೊತೆಗಿರುವ ಎಲ್ಲ ತಾಯಂದಿರ ಮಕ್ಕಳನ್ನೂ ಬೆಚ್ಚಗಿಡಲಿ. ನಜೀರಸಾಬ ನಿನ್ನನ್ನು ಕೇಳಿದ ಅಂತ ಹೇಳಲು ಹೇಳಿದ್ದಾನೆ.

ನಿನ್ನ ಅವ್ವ,
ಗದಿಗೆವ್ವ

ತಾ.ಕ. ಬುತ್ತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ, ಅವಸರ ಇದೆ. ಮೇಲೆ ಎಲ್ಲ ಬರೆದೆ, ಬರೆಯಬೇಕಾದದ್ದನ್ನೇ ಬರೆಯಲಿಲ್ಲ. ಬೆಳಿಗ್ಗೆ ನಿಮ್ಮಪ್ಪನ ಅಂಗಿ ಒಗೆಯುವಾಗ ಕಿಸೆಯಿಂದ ಗುಲಾಬಿ ಬಣ್ಣ ಇಳಿಯಿತು. ನೋಡಿದರೆ ಗುಳಿಗೆಗಳು, ಕರಗಿ ಬಟ್ಟೆಗೆ ಅಂಟಿದ್ದವು. ದಿನಾ ನಾನೇ ನೀರು ತುಂಬಿ ಗುಳಿಗೆ ಕೈಗೆ ಕೊಡುತ್ತೇನೆ, ಅವರು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ನೀರು ಕುಡಿಯುತ್ತಾರೆ. ಗದಗಿಗೆ ಹೋಗಿ ಬಂದಾಗಿನಿಂದ ಬಿಟ್ಟಿರಬೇಕು. ಬಸ್ಸಿನಲ್ಲಿ ಆಡಿದ್ದು ಚ್ಯಾಷ್ಟಿ ಅಲ್ಲ. ಈಚೆಗೆ ರೊಟ್ಟಿ ಕಡಿಮೆ ಉಣ್ಣುತ್ತಿದ್ದರು, ಬಿಸಿಲಿಗೆ ಅಂದುಕೊಂಡಿದ್ದೆ. ನನಗೆ ಗೊತ್ತಾಗಿದೆ ಅಂತ ಇನ್ನೂ ಹೇಳಿಲ್ಲ, ನಾಳೆ ರಂಜನಿಯನ್ನು ಕರೆದುಕೊಂಡು ಡಾಕ್ಟರಮ್ಮನನ್ನು ಕೇಳಿ ಬರುತ್ತೇನೆ. ಆದರೆ ಅವರು ನನ್ನ ಮಾತಿಗಿಂತ ನಿನ್ನ ಮಾತು ಕೇಳುತ್ತಾರೆ. ರಂಜನಿ ಈ ಕಾಗದದ ಫೋಟೋ ತೆಗೆದು ನಿನ್ನ ಫೋನಿಗೆ ಹಾಕುತ್ತಾಳೆ, ನೆಟ್‌ವರ್ಕ್ ಸಿಕ್ಕ ಕೂಡಲೇ ನೋಡು. ಓದಬೇಡ ಅಂತ ಅವಳಿಗೆ ಹೇಳಿದ್ದೇನೆ, ಓದುತ್ತಾಳೆ, ಓದಲಿ. ಬೇರೆ ಏನೂ ವಿಚಾರಿಸದಿದ್ದರೂ ನಡೆಯುತ್ತದೆ, ಇದೊಂದನ್ನು ವಿಚಾರಿಸು: ಗುಳಿಗೆ ನುಂಗುವವರಿಗೆ ಬಂದೂಕು ಕೊಡಬಾರದು ಅಂತ ಕಾಯ್ದೆಯಲ್ಲೇ ಬರೆದಿದೆಯೇನು, ಅಥವಾ ಅದು ಆ ಕ್ಲಾರ್ಕನ ಬಾಯಿಮಾತೇನು? ಬರೆದಿಲ್ಲ ಅಂತ ಗೊತ್ತಾದರೆ ಕೂಡಲೇ ಫೋನು ಹಚ್ಚಿ ಅಪ್ಪನಿಗೆ ನೀನೇ ಹೇಳು. ಬರೆದಿದೆ ಅಂತ ಯಾರಾದರೂ ಹೇಳಿದರೆ ಅಪ್ಪನಿಗೆ ಹೇಳಬೇಡ, ಬೇರೆ ಒಬ್ಬರನ್ನು ಇನ್ನೊಮ್ಮೆ ಕೇಳು.